ಕುದಿಯುವ ತಣ್ಣೀರು

"ಹೊಳೆ ಕುದೀತಿದೆ ಬುದ್ಧಿ! ಹೊಳೆ ಕುದೀತಿದೆ!"

ಮೌನವ್ರತ ಹಿಡಿದಿದ್ದ ಶಿಷ್ಯ ಮುದ್ದಯ್ಯ ಹೀಗೆ ಕೂಗುತ್ತ ಆಶ್ರಮದೊಳಕ್ಕೆ ಓಡಿ ಬಂದ.

ಗುರು ಸಿದ್ಧವೀರಯ್ಯ ಕುಂಬಳಕಾಯಿ ಹೆಚ್ಚುತ್ತಿದ್ದರು. "ವ್ರತ ಮುಗೀತೇನಯ್ಯ?"

ಮುದ್ದಯ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮರುಕ್ಷಣವೇ ತೆಗೆದ. "ಗುಳುಗುಳು ಅಂತ ಗುಳ್ಳೆ ಏಳ್ತಿದೆ. ಮುಟ್ಟಿದರೆ ತಣ್ಣಗಿದೆ. ಕುಡಿದರೆ ಹುಳಿ, ನಾಲಿಗೆಯೆಲ್ಲ ಚುರುಚುರು. ಗೋಲಿ ಸೋಡಾನೇ!"

ಪೂರ್ವಾಶ್ರಮದಲ್ಲಿ ಗುರುಗಳು ಭೂವಿಜ್ಞಾನಿಯಾಗಿದ್ದವರು. ಚಾಕು ಕೆಳಗಿಟ್ಟರು. ಮೆಟ್ಟು ಮೆಟ್ಟುವುದನ್ನೂ ಮರೆತು ಶಿಷ್ಯನಿಗಿಂತ ಮುಂದೆ ಓಡಿದರು.

ವ್ರತಕ್ಕೆ ಕಾರಣವಿತ್ತು. ಹೊಳೆಯಾಚೆಯ ಮಠಕ್ಕೆ ಒಬ್ಬ ಗುರು ಬೇಕಾಗಿತ್ತು. ಹೋಗುವ ಆಸೆ ಮುದ್ದಯ್ಯನಿಗೆ. ಅಷ್ಟರಲ್ಲಿ ಅಂಬಿಗ ಗಂಗಣ್ಣ, ಮುನಿದು ತವರಿಗೆ ಹೋದ ಹೆಂಡತಿಯನ್ನು ನೆನೆದು ಮುದ್ದಯ್ಯನ ಮುಂದೆ ಅತ್ತ. ಅದನ್ನು ಮುದ್ದಯ್ಯ ಸಿಕ್ಕವರಿಗೆಲ್ಲ ಹೇಳಿಬಿಟ್ಟ. ಸಂಜೆಯೊಳಗೆ ದೋಣಿ ಹತ್ತಿದವರೆಲ್ಲ ಗಂಗಣ್ಣನನ್ನು ಕೆಣಕತೊಡಗಿದರು: "ಏನಪ್ಪಾ, ಹೊಳೆ ತುಂಬೋ ಹಾಗೆ ಅಳ್ತಿದ್ದೆಯಂತೆ?"

"ಹೇಳಿದ್ದು ಒಳಗೆ ನಿಲ್ಲದವನನ್ನ ಮಠಕ್ಕೆ ಹೇಗೆ ಕಳಿಸಲಿ?" ಎಂದಿದ್ದರು ಗುರುಗಳು.

"ಕಲ್ಲಾಗ್ತೀನಿ ಬುದ್ಧಿ" ಎಂದಿದ್ದ ಮುದ್ದಯ್ಯ. ಅದೇ ಅವನ ಕೊನೆಯ ಮಾತಾಗಿತ್ತು. ಇಂದಿನವರೆಗೆ.

ಹೊಳೆಯ ಅಂಚಿನಲ್ಲಿ ಒಂದು ಕಪ್ಪುಬಂಡೆ. ಅದರ ಬಿರುಕಿನಿಂದ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿದ್ದವು. ಗುರುಗಳು ಬೊಗಸೆಯಲ್ಲಿ ಕುಡಿದು, ತೇಗಿ, ಮಗುವಿನಂತೆ ನಕ್ಕರು.

"ಸೋಡಾದ ಗಾಳಿಯೇ ಕಣಯ್ಯ! ಇಂಗಾಲದ ಡೈಆಕ್ಸೈಡ್. ಯಾವ ಕಾಲದಿಂದ ಕೆಳಗೆ ಕೂತಿದೆಯೋ. ಇಷ್ಟು ವರ್ಷ ಇದರ ಮೇಲೇ ಮಲಗಿದ್ದೆವಲ್ಲ!"

"ಹಾಗಾದರೆ ಕೆಳಗೆ ದೊಡ್ಡ ಗುಹೆ ಇರಬೇಕು!"

ಗುರುಗಳು ಒಂದು ಮರಳುಗಲ್ಲನ್ನು ಎತ್ತಿ ಅವನ ಕೈಗಿಟ್ಟರು. ಅದರ ಮೇಲೆ ಒಂದು ಬೊಗಸೆ ನೀರು ಸುರಿದರು. ಕಲ್ಲು ಕುಡಿದುಬಿಟ್ಟಿತು.

"ನೀರೆಲ್ಲಿ?"

"ಕಲ್ಲಿನೊಳಗೆ."

"ಗುಹೆ ತೋರಿಸು."

ಮುದ್ದಯ್ಯ ಕಲ್ಲನ್ನು ತಿರುತಿರುಗಿಸಿ ನೋಡಿದ. "ಗುಹೆಯೇ ಇಲ್ಲ ಬುದ್ಧಿ! ಮರಳಿನ ಕಾಳುಗಳ ನಡುವೆ ಬರೀ ಸಂದು!"

"ಆ ಗಾಳಿಗೆ ಅಷ್ಟೇ ಮನೆ. ಸರಿ, ಮೇಲೆ ಬರದ ಹಾಗೆ ಅದನ್ನ ಹಿಡಿದಿಟ್ಟಿರೋದು ಯಾರು?"

ಮುದ್ದಯ್ಯ ಕಪ್ಪುಬಂಡೆಗೆ ಗುದ್ದಿದ. "ಇದೇ! ಇಷ್ಟು ಗಟ್ಟಿ ಮುಚ್ಚಳ ದಾಟಿ ಏನು ತಾನೇ ಬಂದೀತು?"

"ಗುಳ್ಳೆ ಎಲ್ಲಿಂದ ಬರ್ತಿದೆ?"

ಗುದ್ದಿದ ಕೈ ಬಂಡೆಯ ಮೇಲೇ ನಿಂತಿತು.

ಗುರುಗಳು ದಡದುದ್ದಕ್ಕೂ ನಡೆದರು. ಅಲ್ಲೆಲ್ಲ ಮರಳುಗಲ್ಲಿನ ಮೇಲೆ ಬೂದುಬಣ್ಣದ ಜೇಡಿಯ ಪದರ. ಪಕ್ಕದ ನೀರಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಒಂದು ಹೆಂಟೆ ಕಿತ್ತು, ನೆನೆಸಿ, ಶಿಷ್ಯನ ಕೈಗಿಟ್ಟರು.

"ಹಿಸುಕು."

ಜೇಡಿ ಬೆರಳ ಸಂದಿನಲ್ಲಿ ಹೊರಬಂತು.

"ಇದಾ ಬುದ್ಧಿ ಮುಚ್ಚಳ? ಇದು ಹೇಳಿದ ಹಾಗೆ ಕೇಳುತ್ತಲ್ಲ!"

"ನೆಲ ನಡುಗಿದಾಗಲೂ ಹಾಗೇ. ಬಾಗುತ್ತೆ. ಬಿರುಕು ಬಿಟ್ಟರೂ ಮತ್ತೆ ಕೂಡಿಕೊಳ್ಳುತ್ತೆ. ಇದನ್ನ ಸೀಳಿಕೊಂಡು ಎದ್ದ ಕಪ್ಪುಬಂಡೆಗೆ ಬಾಗೋದು ಗೊತ್ತಿರಲಿಲ್ಲ, ಬಿರುಕು ಬಿಡ್ತು."

ಮುದ್ದಯ್ಯ ಕೈಯ ಮಣ್ಣನ್ನೇ ನೋಡುತ್ತ ನಿಂತ.

"ಬೆಳಿಗ್ಗೆ ಗಂಗಣ್ಣ ಬಂದಿದ್ದ ಬುದ್ಧಿ. ಬೈಯೋಕೋ ಏನೋ. ನಾನು ಮುಖ ತಿರುಗಿಸಿ ಕೂತೆ."

"ಯಾಕೆ?"

"ಕಲ್ಲಾಗಿದ್ದೆನಲ್ಲ."

ಮುದ್ದಯ್ಯ ಕೈ ತೊಳೆಯದೆಯೇ ದೋಣಿಯತ್ತ ಓಡಿದ.

"ಓಹೋ, ಮೌನದ ಸ್ವಾಮಿಗಳು!" ಎಂದ ಗಂಗಣ್ಣ. "ಏನು, ಇವತ್ತು ನಾಲಿಗೆ ಬಂತೋ?"

"ತಪ್ಪು ನಂದು ಗಂಗಣ್ಣ. ಎಷ್ಟು ಬೇಕಾದರೂ ಬೈ. ಕೇಳ್ತೀನಿ."

ಇಬ್ಬರನ್ನೂ ಹೊತ್ತ ದೋಣಿ ನಡುನೀರಿಗೆ ಹೋಯಿತು. ಗಂಗಣ್ಣ ಹುಟ್ಟು ಎತ್ತಿ ಎತ್ತಿ ಕೂಗಾಡುವುದು ದಡಕ್ಕೆ ಕಾಣುತ್ತಿತ್ತು. ಆಮೇಲೆ ಕೂತ. ಹುಟ್ಟು ಹಾಕುವುದನ್ನೇ ಮರೆತ. ದೋಣಿ ತನ್ನಷ್ಟಕ್ಕೆ ತೇಲುತ್ತ ಬಹಳ ದೂರ ಹೋಯಿತು.

ಮರಳಿ ಬಂದಾಗ ಮುದ್ದಯ್ಯನ ಕಣ್ಣು ಒದ್ದೆ. ಮುಖದ ತುಂಬ ತಡೆಯಲಾರದ ಸಂತೋಷ.

"ಏನಂದ?" ಗುರುಗಳು ಕೇಳಿದರು.

"ಹೇಳಿದ ಬುದ್ಧಿ."

"ಅದೇ, ಏನು ಹೇಳಿದ?"

ಮುದ್ದಯ್ಯ ತುಟಿ ಬಿಗಿದ. ಕೆನ್ನೆ ಉಬ್ಬಿತು. ಜೇಡಿ ಮೆತ್ತಿದ ಕೈಯನ್ನೊಮ್ಮೆ ಬಿಗಿದು ಬಿಟ್ಟ.

"ಎಲ್ಲಾ ಹೇಳಿದ."

"ನನಗೂ ಹೇಳೋದಿಲ್ವೇ?"

"ಅವನನ್ನೇ ಕೇಳಿ ಬುದ್ಧಿ."

ಗುರುಗಳು ಆಚೆ ದಡದ ಕಡೆ ಕೈ ತೋರಿಸಿದರು.

"ನಾಳೆ ಬರ್ತೀನಿ ಅಂತ ಮಠದವರಿಗೆ ಕೂಗಿ ಹೇಳು. ಅದನ್ನ ಎಷ್ಟು ಜೋರಾಗಿ ಬೇಕಾದರೂ ಕೂಗಬಹುದು."