ಎಂಟು ಹಾಲುಹಲ್ಲು

ಹಳ್ಳದ ಆಚೆಗೊಂದು, ಈಚೆಗೊಂದು ಕುರಿದೊಡ್ಡಿ. ಒಂದೊಂದರಲ್ಲೂ ನೂರು ಕುರಿ. ಜ್ವರ ಬಂದು ಹೋದ ಮೇಲೆ ಈಚೆ ದೊಡ್ಡಿಯ ಯಜಮಾನ ಟಗರು ಸಭೆ ಕರೆದು ಬೀಗಿತು: “ಆಚೆ ಸತ್ತದ್ದು ಹತ್ತು, ನಮ್ಮಲ್ಲಿ ಬರೀ ಎಂಟು. ನಾವೇ ಮೇಲು.”

ಮಗಳನ್ನು ಕಳೆದುಕೊಂಡಿದ್ದ ಕುರಿಯೊಂದು ಎದ್ದು ನಿಂತಿತು. “ಯಜಮಾನರೇ, ಆಚೆ ಸತ್ತವು ಹಲ್ಲು ಉದುರಿದ ಮುದಿ ಕುರಿಗಳು. ನಮ್ಮಲ್ಲಿ ಸತ್ತವುಗಳ ಹಲ್ಲು ನೋಡಿದಿರಾ?”

“ಸತ್ತ ಮೇಲೆ ಹಲ್ಲು ನೋಡುವವರು ಯಾರು?”

“ನಾನು,” ಎಂದಿತು ಬೇಲಿಯ ಮೇಲಿದ್ದ ಕಾಗೆ. “ತಿಂದವನಿಗೆ ಗೊತ್ತಿರುತ್ತದೆ. ಎಂಟೂ ಹಾಲುಹಲ್ಲಿನ ಮರಿಗಳು, ಎಂಟೂ ಹೆಣ್ಣು. ಗಂಡುಮರಿ ಒಂದೂ ಸಿಕ್ಕಲಿಲ್ಲ.”

“ದೊಡ್ಡಿಯಲ್ಲಿ ಇದ್ದದ್ದೇ ಇಪ್ಪತ್ತು ಹೆಣ್ಣುಮರಿ,” ಎಂದಿತು ಕುರಿ. “ಗಂಡುಮರಿಗಳು ತಿಂದು ಮಿಕ್ಕರೆ ಅವಕ್ಕೆ ಮೇವು. ಇಪ್ಪತ್ತರಲ್ಲಿ ಎಂಟು ಹೋದವು, ಯಜಮಾನರೇ. ನನಗೆ ಇನ್ನೊಬ್ಬಳು ಮಗಳಿದ್ದಾಳೆ. ಈ ವರ್ಷವಾದರೂ ಹೆಣ್ಣುಮರಿಗಳಿಗೆ ಮೊದಲು ಮೇವು ಹಾಕಿಸಿ.”

ಟಗರು ಸಭೆಯತ್ತ ತಿರುಗಿತು. “ನೀನು ಹೇಳಿದ್ದು ಸರಿ. ನಮ್ಮ ಎಣಿಕೆಯೇ ತಪ್ಪಿದೆ. ಇನ್ನು ಮೇಲೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ತನಕ ಹೆಣ್ಣುಮರಿಗಳನ್ನು ದೊಡ್ಡಿಯ ಲೆಕ್ಕಕ್ಕೆ ಸೇರಿಸಬೇಡಿ.”

ಮರುವರ್ಷವೂ ಜ್ವರ ಬಂದು ಹೋಯಿತು. ಟಗರು ಮತ್ತೆ ಸಭೆ ಕರೆದು, “ಈ ಸಲ ನಮ್ಮಲ್ಲಿ ಒಂದೂ ಸಾವಿಲ್ಲ,” ಎಂದಿತು. ಕುರಿಗಳೆಲ್ಲ ತಲೆಯಾಡಿಸಿದವು. ಆ ತಾಯಿಕುರಿ ಮಾತ್ರ ಬೇಲಿಯನ್ನೇ ನೋಡುತ್ತಿತ್ತು.

ಕಾಗೆ ಹಾರಲಾರದಷ್ಟು ಕೊಬ್ಬಿತ್ತು.