ಹೋದ ವರ್ಷದ ಕಡಲು

“ಗುರುಗಳೇ, ಮಳೆ ಹೇಗೆ ಬರುತ್ತದೆ ಎಂಬುದನ್ನು ಮಕ್ಕಳಿಗೆ ಸರಿಯಾಗಿ ಕಲಿಸಿಬಿಟ್ಟರೆ ಊರಿನ ಮೌಢ್ಯ ತಾನಾಗಿ ಹೋಗುತ್ತದಲ್ಲವೇ?”

ಹೀಗೆ ಕೇಳಿದ ಶಿಷ್ಯ ಮಠದಲ್ಲೇ ಓದಿ ಬೆಳೆದವನು. ಮರುದಿನ ಒಂದು ಹಳ್ಳಿಯ ಶಾಲೆಗೆ ಮೇಷ್ಟ್ರಾಗಿ ಹೊರಡುವವನಿದ್ದ. ಗುರುಗಳಿಗೆ ಸಿಟ್ಟು ಬೇಗ ಬರುತ್ತದೆ ಎಂಬುದು ಮಠದಲ್ಲಿ ಎಲ್ಲರಿಗೂ ಗೊತ್ತು. ತಾನಾಗಿ ಹೋಗುತ್ತದೆ ಎಂಬ ಮಾತು ಅವರಿಗೆ ಹಿಡಿಸಲಿಲ್ಲ. ಕೂತುಕೋ ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ಊರು. ಊರಿಗೆ ಒಬ್ಬ ಯಜಮಾನ. ಅದೇ ಊರಲ್ಲಿ ಕುರಿಯ ಉಣ್ಣೆ ನೂತು ಬದುಕುವ ಒಬ್ಬ ತಾಯಿ. ಇವರ ಹೆಸರು ಕಟ್ಟಿಕೊಂಡು ನಿನಗೇನಾಗಬೇಕು? ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಆ ತಾಯಿಯ ಮಗಳ ಹೆಸರನ್ನು ಮಾತ್ರ ಹೇಳುತ್ತೇನೆ, ನೆನಪಿಟ್ಟುಕೋ. ಪಾಲಕ್ಕ.

ಪಾಲಕ್ಕನಿಗೆ ತೊನ್ನು. ಚಿಕ್ಕಂದಿನಲ್ಲಿ ತುಟಿಯ ಅಂಚಿಗೆ ಬಂದ ಬಿಳಿ ವರ್ಷ ಕಳೆದಂತೆ ಕೈಗೂ ಕತ್ತಿಗೂ ಹರಡಿತು. ಚರ್ಮ ತನ್ನ ಬಣ್ಣ ಕಳೆದುಕೊಳ್ಳುತ್ತದೆ, ಅಷ್ಟೇ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೂ ಅವಳು ಕೊಟ್ಟ ನೀರನ್ನು ಊರಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಅವರಲ್ಲಿ ಹೂಳುವ ಪದ್ಧತಿ. ತಾಯಿ ಮಗಳನ್ನು ಊರಾಚೆ ಮಣ್ಣು ಮಾಡಿದಳು. ಸೋಮವಾರ ಬಂದರೆ ಒಂದು ರೊಟ್ಟಿ ಎಡೆ ಇಟ್ಟು, ಸ್ವಲ್ಪ ಹೊತ್ತು ಅಲ್ಲೇ ಕೂತು, ಮನೆಯ ಸುದ್ದಿಯನ್ನೆಲ್ಲ ಮಗಳಿಗೆ ಹೇಳಿ ಬರುತ್ತಿದ್ದಳು. ಅವಳಿಗೆ ಉಳಿದದ್ದು ಅದೊಂದೇ.

ಆ ವರ್ಷ ಮಳೆ ತಡವಾಯಿತು. ಆ ಕಡೆಯ ಜನರಲ್ಲಿ ಒಂದು ನಂಬಿಕೆ ಇದೆ. ತೊನ್ನು ಇದ್ದವರನ್ನು ಸುಡದೆ ಹೂಳಿದರೆ ಭೂಮಿಗೆ ಕಾವು ಏರುತ್ತದಂತೆ, ಆ ಕಾವಿಗೆ ಹೆದರಿ ಮೋಡ ಓಡಿಹೋಗುತ್ತದಂತೆ. ಹೆಣವನ್ನು ಅಗೆದು ತೆಗೆದು ಸುಟ್ಟರೆ ಮಳೆ ಬರುತ್ತದಂತೆ. ಯಾರು ಕಂಡವರು ಎಂದು ಕೇಳು, ಒಬ್ಬನೂ ಬಾಯಿ ಬಿಡುವುದಿಲ್ಲ. ಆದರೆ ಗುದ್ದಲಿ ಕೊಡು, ಹತ್ತು ಜನ ಕೈ ಚಾಚುತ್ತಾರೆ.

ಗುಡಿಯ ಮುಂದೆ ಸಭೆ ಸೇರಿತು. ಪಾಲಕ್ಕನನ್ನು ಅಗೆಯುವುದೆಂದು ಯಜಮಾನ ತೀರ್ಮಾನ ಹೇಳಿದ. ತಾಯಿ ಓಡಿಬಂದು ಅವನ ಕಾಲು ಹಿಡಿದಳು. ತನ್ನ ಮಗಳು ಇದೇ ಮೈಯಲ್ಲಿ ಇದೇ ನೆಲದ ಮೇಲೆ ಇಷ್ಟು ವರ್ಷ ಓಡಾಡಿದಳಲ್ಲ, ಆಗೆಲ್ಲ ಮಳೆ ಬರಲಿಲ್ಲವೇ ಎಂದು ಕೇಳಿದಳು. ಎಷ್ಟು ನ್ಯಾಯವಾದ ಮಾತು ನೋಡು. ನಿನ್ನ ಮಗಳು ಊರಿಗಿಂತ ದೊಡ್ಡವಳೇನು ಎಂದು ಯಜಮಾನ ಗದರಿಸಿದ. ಎಲ್ಲರೂ ಹೌದೆಂದರು. ತಾಯಿಯನ್ನು ಯಾರದೋ ಮನೆಯೊಳಗೆ ಕೂಡಿಹಾಕಿ, ಪಾಲಕ್ಕನನ್ನು ಅಗೆದು ತೆಗೆದು ಸುಟ್ಟರು. ಅಗೆದ ಗುಂಡಿಯನ್ನು ಮುಚ್ಚುವಷ್ಟು ಸೌಜನ್ಯವೂ ಅವರಿಗೆ ಇರಲಿಲ್ಲ.

ಆ ವಾರವೇ ಮಳೆ ಬಂತು.

ಬರದೆ ಏನು? ಮಳೆ ಇವರನ್ನು ಕೇಳಿಕೊಂಡು ಹೊರಡುತ್ತದೆಯೇ? ಬಿಸಿಲಿಗೆ ಕಡಲು ಕಾಯುತ್ತದೆ. ನೀರು ಕಣ್ಣಿಗೆ ಕಾಣದ ಆವಿಯಾಗಿ ಮೇಲೇಳುತ್ತದೆ. ಹಗ್ಗದ ಮೇಲೆ ಹರವಿದ ಒದ್ದೆ ಸೀರೆ ಒಣಗುತ್ತದಲ್ಲ, ಅದರ ನೀರು ಹೋಗುವುದೂ ಗಾಳಿಗೇ. ಮೇಲೆ ಹೋದಂತೆ ತಂಪು ಹೆಚ್ಚು. ಆ ತಂಪಿಗೆ ಆವಿ ಸಣ್ಣ ಸಣ್ಣ ಹನಿಗಳಾಗಿ ಮೋಡ ಕಟ್ಟುತ್ತದೆ. ಮುಂಗಾರಿನ ಗಾಳಿ ಅದನ್ನು ಪಡುವಣದಿಂದ ತಳ್ಳಿಕೊಂಡು ಬರುತ್ತದೆ. ಘಟ್ಟದ ಮೇಲೆ ಬೇಕಾದಷ್ಟು ಸುರಿದು ಮಿಕ್ಕದ್ದನ್ನು ಬಯಲಿಗೆ ತರುತ್ತದೆ. ಹನಿಗಳು ಕೂಡಿ ಭಾರವಾದಾಗ ಕೆಳಗೆ ಬೀಳುತ್ತವೆ. ಬಿದ್ದ ನೀರು ಹಳ್ಳ ಹಿಡಿದು, ಹೊಳೆ ಸೇರಿ, ಮತ್ತೆ ಕಡಲಿಗೆ ಹೋಗುತ್ತದೆ. ಇದರಲ್ಲಿ ಸತ್ತ ಹುಡುಗಿಯ ಪಾತ್ರ ಎಲ್ಲಿದೆ, ತೋರಿಸು. ಊರಿನವರು ಗುದ್ದಲಿ ಹುಡುಕುವ ಮೊದಲೇ ಆ ಗಾಳಿ ಕಡಲು ಬಿಟ್ಟು ಹೊರಟಿತ್ತು. ಆದರೆ ಅವರ ಕಣ್ಣಿಗೆ ಕಂಡದ್ದು ಗುದ್ದಲಿ ಮಾತ್ರ.

ಯಜಮಾನನಿಗೆ ಹಾರ ಹಾಕಿದರು, ಶಾಲು ಹೊದಿಸಿದರು. ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ತಾಯಿ ಆ ಊರಲ್ಲಿ ಇರಲಾರದೆ ತವರಿಗೆ ಹೋದಳು. ಅಲ್ಲಿಯೂ ಅದೇ ದಿನ ಮಳೆಯಾಗಿತ್ತು. ದಾರಿಯುದ್ದಕ್ಕೂ ಆಗಿತ್ತು, ಹೊಲಗಳಲ್ಲೆಲ್ಲ ಬಿತ್ತನೆ ನಡೆದಿತ್ತು. ನೀವು ಯಾರನ್ನು ಅಗೆದಿರಿ ಎಂದು ಅವಳು ತವರಿನವರನ್ನು ಕೇಳಿದಳು. ಇವಳಿಗೆ ತಲೆ ಕೆಟ್ಟಿತೇ ಎಂಬಂತೆ ಅವರು ನೋಡಿದರು. ಅಲ್ಲಿ ಯಾರನ್ನೂ ಅಗೆದಿರಲಿಲ್ಲ. ಅವಳು ಹಿಂದಿರುಗಿ ಬಂದು ಮನೆಮನೆಯ ಬಾಗಿಲಲ್ಲಿ ನಿಂತು ಇದನ್ನು ಹೇಳಿದಳು. ಅವರಿಗೆ ನಾಚಿಕೆಯಾಯಿತು ಎಂದುಕೊಂಡೆಯಾ? ನಮ್ಮೂರು ಮಾಡಿದ ಕೆಲಸದಿಂದ ಸುತ್ತಲ ಹಳ್ಳಿಗಳಿಗೂ ಒಳ್ಳೆಯದಾಯಿತು ಎಂದು ಹಿಗ್ಗಿದರು. ಇಂಥವರ ಹತ್ತಿರ ಯಾವ ಮಾತು ಆಡುತ್ತೀಯ?

ಮರುವರ್ಷವೂ ಮಳೆ ತಡವಾಯಿತು. ಮತ್ತೆ ಸಭೆ ಸೇರಿತು. ಈ ಸಲ ಯಾರನ್ನು ಎಂಬ ಮಾತು ಬಂತು. ನೋಡು, ಏನು ಮಾಡುವುದು ಎಂದು ಯಾರೂ ಕೇಳಲಿಲ್ಲ, ಯಾರನ್ನು ಎಂದು ಕೇಳಿದರು. ಹಿಂದಿನ ಚಳಿಗಾಲದಲ್ಲಿ ಯಜಮಾನನ ತಾಯಿ ತೀರಿಕೊಂಡಿದ್ದಳು, ಅವಳನ್ನೂ ಹೂಳಿದ್ದರು. ಮುದುಕಿಯ ಬೆನ್ನ ಮೇಲೆ ಅಂಗೈಯಗಲ ಬಿಳಿ ಇದ್ದದ್ದು ಹೆಣಕ್ಕೆ ಸ್ನಾನ ಮಾಡಿಸಿದ ಹೆಂಗಸರಿಗೆ ಗೊತ್ತಿತ್ತು. ಆ ಹೆಂಗಸರಲ್ಲಿ ಒಬ್ಬಳ ಗಂಡ ಅಳುಕುತ್ತ ಅಳುಕುತ್ತ ಆ ಸಂಗತಿ ಎತ್ತಿದ.

ಸಭೆ ಯಜಮಾನನ ಕಡೆ ತಿರುಗಿತು. ಅವನು ಎದ್ದು ನಿಂತ. ಗದರಿಸಿ ಅಭ್ಯಾಸವಿದ್ದವನು ಅವತ್ತು ಮೆತ್ತಗೆ ಮಾತಾಡಿದ.

“ಅವಸರ ಬೇಡ. ಮಳೆ ಬರುವುದು ಕಡಲಿನಿಂದ. ಬಿಸಿಲಿಗೆ ನೀರು ಆವಿಯಾಗಬೇಕು, ಮೋಡ ಕಟ್ಟಬೇಕು, ಗಾಳಿ ಅದನ್ನು ಹೊತ್ತು ತರಬೇಕು. ಈ ವರ್ಷ ಗಾಳಿ ತಡವಾಗಿದೆ, ಅಷ್ಟೇ. ಮಣ್ಣಿನಲ್ಲಿ ಮಲಗಿರುವ ಮುದುಕಿ ಗಾಳಿಯನ್ನು ಹೇಗೆ ತಡೆದಾಳು?”

ಎಷ್ಟು ಚೆನ್ನಾಗಿ ಹೇಳಿದ ನೋಡು. ಪಾಠದಲ್ಲಿ ಒಂದು ಅಕ್ಷರ ತಪ್ಪಿಲ್ಲ. ಸಭೆ ತಲೆದೂಗಿತು. ನಾವೂ ಶಾಲೆಯಲ್ಲಿ ಹಾಗೇ ಓದಿದ್ದೇವೆ ಎಂದು ಒಬ್ಬ ಹೇಳಿದ. ಪುಸ್ತಕದಲ್ಲಿ ಅದರ ಚಿತ್ರವೂ ಇತ್ತು ಎಂದು ಇನ್ನೊಬ್ಬ ಹೇಳಿದ. ಕಾಯೋಣ ಎಂದು ತೀರ್ಮಾನವಾಯಿತು. ಜನ ಮೈ ಕೊಡವಿ ಏಳತೊಡಗಿದರು.

ಆಗ ಹೆಂಗಸರ ನಡುವಿನಿಂದ ಪಾಲಕ್ಕನ ತಾಯಿ ಎದ್ದು ಮುಂದೆ ಬಂದಳು.

“ಹೋದ ವರ್ಷ ಕಡಲು ಇರಲಿಲ್ಲವೇ, ಯಜಮಾನರೇ?”

ಅದು ಬೇರೆ, ಇದು ಬೇರೆ ಎಂದು ಅವನು ಮನೆಯ ಕಡೆ ನಡೆದ. ಜನವೂ ತಲೆ ತಗ್ಗಿಸಿಕೊಂಡು ಚದುರಿತು. ಮಳೆ ತನ್ನ ಹೊತ್ತಿಗೆ ಬಂತು. ಮುದುಕಿಯ ಸಮಾಧಿ ಹಾಗೆಯೇ ಉಳಿಯಿತು. ಉಳಿದದ್ದು ಸರಿ. ಅವಳನ್ನೂ ಅಗೆಯಬೇಕಿತ್ತು ಎನ್ನುವವನು ನಾನಲ್ಲ. ಯಜಮಾನ ಅದಕ್ಕೆ ಕಲ್ಲು ಕಟ್ಟಿಸಿ ಹಬ್ಬ ಹುಣ್ಣಿಮೆಗೆ ಹೂವು ಏರಿಸಿ ಬರುತ್ತಿದ್ದ. ಪಾಲಕ್ಕನ ತಾಯಿ ಸೋಮವಾರ ರೊಟ್ಟಿ ಹಿಡಿದು ಹೊರಟರೆ ಎಲ್ಲಿ ಇಡಬೇಕೋ ತಿಳಿಯದೆ, ಮಳೆನೀರು ನಿಂತ ಗುಂಡಿಯ ಪಕ್ಕ ಕೂರುತ್ತಿದ್ದಳು.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೂ ಸಿಟ್ಟು ತಡೆಯಲಾಗಲಿಲ್ಲ. ಊರಿಗೆ ಊರೇ ಪಾಠ ಓದಿಯೂ ಹೀಗೆ ಮಾಡುವುದೆಂದರೇನು, ಮೊದಲನೆಯ ಸಭೆಯಲ್ಲಿ ಎದ್ದು ಬೇಡವೆನ್ನುವ ಒಂದು ಬಾಯಿ ಇರಲಿಲ್ಲವೇ ಎಂದು ಕುದಿದ.

“ಆ ಊರಲ್ಲಿ ಮೇಷ್ಟ್ರು ಅಂತ ಒಬ್ಬರೂ ಇರಲಿಲ್ಲವೇ, ಗುರುಗಳೇ?”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು.

“ಇದ್ದರಪ್ಪ. ಪಾಲಕ್ಕನಿಗೆ ಮಳೆಯ ಪಾಠ ಹೇಳಿದವರೂ ಅವರೇ, ಅವಳನ್ನು ಅಗೆಯುವ ದಿನ ಶಾಲೆಗೆ ರಜೆ ಕೊಟ್ಟವರೂ ಅವರೇ.”