ಕಳಕಪ್ಪನ ರಾಕೆಟ್ಟೂ ಪಾರವ್ವನ ಮಗನೂ

ಇದು ಭಾಳ ಹಿಂದಿನ ಕತಿ ಅಲ್ರೀ, ಮೊನ್ನೆ ಮೊನ್ನೆದು. ಗಜೇಂದ್ರಗಡದಾಗ ಪಾರವ್ವ ಅಂತ ಒಬ್ಬಾಕಿ ಇದ್ಲು. ರೊಟ್ಟಿ ಬಡದು ಖಾನಾವಳಿಗೆ ಹಾಕಾಕಿ. ಆಕಿಗೆ ಸಂಶೇ ಅಂದ್ರ ಸಂಶೇ. ಹಾಲು ಹಾಕಿಸ್ಕೊಂಡ್ರ ಬಟ್ಟು ಅದ್ದಿ ನೋಡಾಕಿ, ತೆಂಗಿನಕಾಯಿ ತಗೊಂಡ್ರ ಕಿವಿ ಹಚ್ಚಿ ಅಲ್ಲಾಡಿಸಾಕಿ, ಮಠದ ಸ್ವಾಮಿಗೋಳು ವಿಭೂತಿ ಕೊಟ್ರೂ ಒಮ್ಮೆ ಮೂಸಿ ನೋಡಿ ಹಚ್ಕೊಳ್ಳಾಕಿ.

ಇಂಥಾಕಿ ಹೊಟ್ಟ್ಯಾಗ ಹುಟ್ಟಿದಾಂವ ಫಕೀರಪ್ಪ. ಅವಗ ಸಂಶೇ ಅನ್ನೂದ ಗೊತ್ತಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡಾಂವ, ಒಂದಗಳ ಹೆಚ್ಚಿಲ್ಲ, ಒಂದಗಳ ಕಡಿಮಿಲ್ಲ. ಒಮ್ಮೆ ಪಾರವ್ವ, "ರೇಶನ್ ಪಾಳ್ಯಾಗ ನಿಂದ್ರು, ನಾ ಬರೂತನಾ ಮುಂದ ಹೋಗಬ್ಯಾಡ" ಅಂದಿದ್ಲು. ಪಾಳಿ ಮುಗದು, ಅಂಗಡಿ ಬಾಗಿಲಾ ಹಾಕಿ, ಕಟ್ಟಿ ಮ್ಯಾಲೆ ನಾಯಿ ಬಂದು ಮಲಗಿದ್ರೂ ಅಂವ ಅಲ್ಲೇ ನಿಂತಿದ್ದ. ಮುಂದ ಹೋಗಿರಲಿಲ್ಲ ನೋಡ್ರಿ. ಅವಗ ಇಪ್ಪತ್ತೆಂಟು ತುಂಬಿದ್ರೂ ಯಾರೂ ಹೆಣ್ಣು ಕೊಡವಲ್ರು. ಪಾರವ್ವಗ ಅದೊಂದ ಚಿಂತಿ.

ಪಾರವ್ವಗ ಒಬ್ಬ ತಮ್ಮ, ಕಳಕಪ್ಪ. ಲಗ್ನದ ವಿಡಿಯೋ ತಗಿಯೂ ಸ್ಟುಡಿಯೋ ಇಟ್ಕೊಂಡಾಂವ. ಅವಗ ಒಂದು ಹುಚ್ಚು ಹಿಡೀತು. ರಾಕೆಟ್ ಹತ್ತಿ ಬ್ಯಾರೆ ಗ್ರಹಕ್ಕ ಹೋದ ಒಬ್ಬ ಮಾಸ್ತರನ ಸಿನಿಮಾ ಮಾಡ್ತೀನಿ ಅಂತ ನಿಂತ. ಕೈಯಾಗ ರೊಕ್ಕಾ ಇಲ್ಲ. ಮಗಳು ಕಸ್ತೂರಿ ಮಾತ್ರ ಕಂಪ್ಯೂಟರ್‌ನ್ಯಾಗ ಗ್ರಾಫಿಕ್ಸ್ ಮಾಡೂದು ಕಲ್ತಿದ್ಲು. ಆ ಕಸ್ತೂರಿಗೆ ಫಕೀರಪ್ಪನ ಮ್ಯಾಲೆ ಮನಸು. "ಹೇಳಿದ ಮಾತು ಕೇಳೂ ಗಂಡ ಈ ಕಾಲದಾಗ ಎಲ್ಲಿ ಸಿಗ್ತಾನ" ಅಂತಿದ್ಲು.

ಪಾರವ್ವ ಹೋಗಿ ತಮ್ಮನ್ನ ಕೇಳಿದ್ಲು. ಕಳಕಪ್ಪ ತಲಿ ಕೆರಕೊಂಡು ಅಂದ, "ಅಕ್ಕಾ, ಒಂದು ಮಾತು. ಇವನ್ನ ಸಂಗಟ ಇಟ್ಕೊಂಡು ಸಿನಿಮಾ ಮುಗಿಸಿದ್ನಂದ್ರ, ಅಳಿಯನ್ನಾಗಿ ಇಟ್ಕೊಂಡು ಸಂಸಾರಾನೂ ನಡಸ್ತೀನಿ. ಸಿನಿಮಾ ಕೆಟ್ರ ಮಾತು ಮುರೀತು. ಮತ್ತ ಕೇಳಬ್ಯಾಡ."

ಪಾರವ್ವ ಹೂಂ ಅಂದ್ಲು. ಆದ್ರ ದಾರಿ ತುಂಬಾ ಗೊಣಗಿದ್ಲು. "ಹೆಣ್ಣು ಕೊಡೂ ಮನಸಿದ್ರ ಇಂಥಾ ಕರಾರು ಯಾಕ ಹಾಕ್ತಿದ್ದ? ಇದರಾಗ ಏನೋ ಐತಿ. ನನ್ನ ತಮ್ಮನ್ನ ನನಗ ಗೊತ್ತಿಲ್ಲೇನು? ಸಣ್ಣಾಂವ ಇದ್ದಾಗ ಬೆಲ್ಲಾ ಕದ್ದು ತಪ್ಪು ಇರುವಿ ಮ್ಯಾಲೆ ಹಾಕಿದಾಂವ."

ಮರುದಿನ ಕಳಕಪ್ಪ ಫಕೀರಪ್ಪಗ ಮೊದಲನೇ ಕೆಲಸಾ ಹೇಳಿದ. "ಗ್ರಾಫಿಕ್ಸ್ ಮಾಡಾಕ ಒಂದು ಸಾಫ್ಟ್‌ವೇರ್ ಬೇಕು. ತಿಂಗಳಾ ತಿಂಗಳಾ ಬಾಡಿಗಿ ಕೊಡೂದೊಂದೈತಿ, ನಮಗ ನೀಗಂಗಿಲ್ಲ. ಕದ್ದ ನಕಲು ಸಿಗ್ತಾವು, ಅದರಾಗ ವೈರಸ್ ಇರ್ತಾವು, ಅದೂ ಬ್ಯಾಡ. ಒಂದು ಪುಕ್ಕಟೆ ಸಿಗ್ತೈತಿ, ಮಾಡಿದವರ ಎಲ್ಲಾರಿಗೂ ಬಿಟ್ಟುಕೊಟ್ಟಾರ. ಕಸ್ತೂರಿ ಕಲ್ತದ್ದೂ ಅದರಾಗ. ನಮ್ಮಲ್ಲಿ ನೆಟ್ ಕೆಟ್ಟೈತಿ, ಕಂಪ್ಯೂಟರ್ ಅಂಗಡಿಗೆ ಒಯ್ದು ಅದನ್ನ ಹಾಕಿಸ್ಕೊಂಡು ಬಾ. ಬರೂವಾಗ ಎರಡು ಲೈಟ್ ತಗೊಂಡು ಬಾ" ಅಂತ ರೊಕ್ಕಾ ಕೊಟ್ಟ.

ಫಕೀರಪ್ಪ ಮನಿ ಮುಂದ ಹಾದು ಹೋಗೂವಾಗ ಪಾರವ್ವ ತರುಬಿದ್ಲು. ಎಲ್ಲಾ ಕೇಳಿದ್ಲು. "ಪುಕ್ಕಟೆ ಅಂತಾ? ಜಗತ್ತಿನ್ಯಾಗ ಪುಕ್ಕಟೆ ಸಿಗೂದು ಬೈಗಳ ಒಂದ. ಪುಕ್ಕಟೆ ಕೊಡ್ತೀನಿ ಅಂದವನ್ನ ನಂಬಬ್ಯಾಡ ಮಗನ. ಒಲ್ಲೆ ಅನ್ನು."

ಹೋದ ಅಂಗಡಿಗೆ. ಅಂಗಡಿಯಾಂವ, "ಇದು ಪುಕ್ಕಟೆ ಐತಪಾ, ಹಾಕಿಕೊಡ್ತೀನಿ" ಅಂದ.

"ಒಲ್ಲೆ."

"ಅಲ್ಲೋ ಮಾರಾಯ, ರೊಕ್ಕಾ ಬ್ಯಾಡ."

"ಅದಕ್ಕ ಒಲ್ಲೆ."

ಅಂಗಡಿಯಾಂವ ಒಮ್ಮೆ ಇವನ ಮಾರಿ ನೋಡಿದ, ಒಮ್ಮೆ ಬಾಗಿಲ ಕಡೆ ನೋಡಿದ. "ಹಂಗಾರ ಎರಡು ಸಾವಿರ ಕೊಡು."

"ಈಗ ಬರೋಬ್ಬರಿ ಆತು" ಅಂತ ಫಕೀರಪ್ಪ ಲೈಟಿನ ರೊಕ್ಕಾ ಎಣಿಸಿ ಕೊಟ್ಟು, ಅದ ಸಾಫ್ಟ್‌ವೇರ್ ಹಾಕಿಸ್ಕೊಂಡು ಬಂದ.

ಕಳಕಪ್ಪ ಹಣಿ ಹಣಿ ಬಡಕೊಂಡ. "ಪುಕ್ಕಟೆ ಸಿಗೂದನ್ನ ರೊಕ್ಕಾ ಕೊಟ್ಟು ತಂದ್ಯಲ್ಲೋ. ನಿನ್ನಂಥಾ ಗಿರಾಕಿ ಸಿಗ್ತಾರಂದ್ರ ನಾನೂ ಅಂಗಡಿ ಹಾಕ್ತಿದ್ದೆ." ಲೈಟ್ ಬರಲಿಲ್ಲ. ಬಿಸಲಾಗ ಶೂಟಿಂಗ್ ಮಾಡೂಣು ಅಂತಾತು.

ಸಂಜೀಕ ಮಗ ಬಂದು ಹೇಳಿದಾಗ ಪಾರವ್ವನ ಸಂಶೇ ಎದ್ದು ಕೂತಿತು. "ಆ ಅಂಗಡಿಯಾಂವ ನಿಮ್ಮ ಮಾಮಾನ ಗೆಳ್ಯಾನ ಇರಬೇಕು. ಇಬ್ರೂ ಕೂಡಿ ಮಾಡ್ಯಾರ. ಇನ್ನ ಮ್ಯಾಲೆ ಏನ ತಂದ್ರೂ ಅಂಗಡಿಯವನ ಮಾತು ನಂಬಬ್ಯಾಡ. ಮೊದಲ ಬಳಸಿ ನೋಡು, ಆಮ್ಯಾಲೆ ಮಾಮಾಗ ಕೊಡು."

"ಹೂನವ್ವ" ಅಂದ ಫಕೀರಪ್ಪ.

ಮರುದಿನ ಕಳಕಪ್ಪ ಇಪ್ಪತ್ತು ಮೀಟರ್ ಹಸರ ಬಟ್ಟಿ ತರಾಕ ಕಳಿಸಿದ. ಮುಂಜಾನೆ ಹೋದಾಂವ ಮೂರು ದಿನಾ ಪತ್ತೆ ಇಲ್ಲ. ನಾಲ್ಕನೇ ದಿನಾ ಬಗಲಾಗ ಗಂಟು ಹಿಡ್ಕೊಂಡು ಬಂದ. ಬಟ್ಟಿ ಬಿಚ್ಚಿದ್ರ ಒಂದು ಕಡೆ ಹಸರು, ಒಂದು ಕಡೆ ಹಳದಿ, ನಡುವ ಬೆಳ್ಳನ ಕಲಿ. ಮುದುಡಿ ಮುದುಡಿ ಅರ್ಧಾ ಆಗೈತಿ.

"ಏನೋ ಇದು?"

"ಬಳಸಿ ನೋಡಿದೆ ಮಾಮಾ. ಕೆರ್‍ಯಾಗ ಒಗದು ನೋಡಿದೆ, ಬಿಸಲಾಗ ಹಾಕಿ ನೋಡಿದೆ, ಎರಡು ರಾತ್ರಿ ಹೊಚ್ಕೊಂಡು ಮಲಗಿ ನೋಡಿದೆ. ಚಲೋ ಬೆಚ್ಚಗೈತಿ."

ಕಳಕಪ್ಪ ಗೋಡಿಗೆ ಆನಿಕೊಂಡು ಕೂತುಬಿಟ್ಟ. ಕಸ್ತೂರಿನ ಸಮಾಧಾನದಿಂದ ತಿಳಿಸಿ ಹೇಳಿದ್ಲು. "ನೋಡಪಾ, ಈ ಹಸರ ಬಟ್ಟಿ ಹಿಂದ ಕಟ್ಟಿ ಮುಂದ ಮಂದೀನ ನಿಲ್ಲಿಸ್ತೇವಿ. ಕಂಪ್ಯೂಟರ್ ಹಸರು ಎಷ್ಟೈತೋ ಅಷ್ಟೂ ಅಳಸಿ ಅಲ್ಲಿ ಆಕಾಶ ಇಡ್ತೈತಿ. ಅದಕ್ಕ ಬಟ್ಟಿ ಒಂದ ಬಣ್ಣ ಇರಬೇಕು. ಮತ್ತ ಬಟ್ಟಿ ಬಿಟ್ರ ಬ್ಯಾರೆ ಎಲ್ಲೂ ಹಸರು ಇರಬಾರದು. ಇದ್ರ ಅಲ್ಲೂ ತೂತು ಬೀಳ್ತೈತಿ." ಆಕಿ ತನ್ನ ಗಂಟಿನ ರೊಕ್ಕಾ ತಗದು ಬ್ಯಾರೆ ಬಟ್ಟಿ ತರಿಸಿದ್ಲು.

ಪಾರವ್ವ ಇದನ್ನೂ ಕೇಳಿ ಕಣ್ಣು ಸಣ್ಣ ಮಾಡಿದ್ಲು. "ಶೂಟಿಂಗ್ ದಿನಾ ಯಾರರ ಬೇಕಂತಲೇ ಹಸರು ಹಾಕ್ಕೊಂಡು ಬಂದು ಸಿನಿಮಾ ಕೆಡಸ್ತಾರ. ಆಮ್ಯಾಲೆ ನಿನ್ನ ತಲಿ ಮ್ಯಾಲೆ ಹಾಕ್ತಾರ. ಹಸರು ಕಂಡ್ರ ಕೇಳ್ಕೊಂತ ಕೂಡಬ್ಯಾಡ, ನಿನ್ನ ಕೈಯಾರೆ ತಗಿ. ಯಾರ ಬ್ಯಾಡಂದ್ರೂ ನಂಬಬ್ಯಾಡ."

ಶೂಟಿಂಗ್ ದಿನಾ ಬಂತು. ಗುಡ್ಡದ ಮ್ಯಾಲೆ ಬಟ್ಟಿ ಕಟ್ಟಿದ್ರು. ಮಾಸ್ತರನ ಹೆಂಡ್ತಿ ಪಾತ್ರಕ್ಕ ಕಳಕಪ್ಪ ತನ್ನ ಹೆಂಡ್ತಿ ಗಿರಿಜವ್ವನ್ನ ನಿಲ್ಲಿಸಿದ್ದ. ಬ್ಯಾರೆ ಯಾರನ್ನರ ಕರದ್ರ ಪಗಾರ ಕೊಡಬೇಕಲ್ಲ. ಆಕಿ ಕೈ ಎತ್ತಿ ಗಂಡಗ ಟಾಟಾ ಮಾಡಬೇಕು. ಎತ್ತಿದ್ಲು. ಎರಡೂ ಕೈ ತುಂಬಾ ಹಸರ ಗಾಜಿನ ಬಳಿ.

ಫಕೀರಪ್ಪ ಓಡಿ ಹೋಗಿ ಕೈ ಹಿಡದ.

"ಅತ್ತಿ, ಬಳಿ ತಗೀರಿ."

"ಥೂ, ಮುತ್ತೈದಿ ಬಳಿ ತಗೀ ಅಂತಾನ. ಬಿಡೋ ಕೈ."

ಬ್ಯಾಡಂದ್ರ ನಂಬಬ್ಯಾಡ ಅಂದಿದ್ಲಲ್ಲ ಅವ್ವ. ಜಗ್ಗಿದ. ಆಕಿ ಕೊಸರಿದ್ಲು. ಇಂವ ಮತ್ತ ಜಗ್ಗಿದ. ಚಟಚಟ ಅಂತ ಎರಡೂ ಕೈ ಬಳಿ ಒಡದು ಕಲ್ಲಿನ ಮ್ಯಾಲೆ ಬಿದ್ದವು. ಗಂಡ ಆನಿಯಂಥಾಂವ ಕ್ಯಾಮೆರಾ ಹಿಂದ ನಿಂತಾನ, ಇಲ್ಲಿ ಹೆಂಡ್ತಿ ಬಳಿ ಒಡದಾವು. ಗಿರಿಜವ್ವ ಬಾಯಿ ಬಡಕೊಂಡು ಅಳಾಕ ಹತ್ತಿದ್ಲು. ಕಳಕಪ್ಪ ತನ್ನ ಎದಿ ಮ್ಯಾಲೆ ಕೈ ಇಟ್ಕೊಂಡು ಬಡೀತೈತೋ ಇಲ್ಲೋ ಅಂತ ನೋಡ್ಕೊಂಡ.

"ಲೇ ಮಬ್ಬಾ," ಅಂದ ಆಮ್ಯಾಲೆ, "ಹೆಚ್ಚು ಕಡಿಮಿ ಆದ್ರ ಕಂಪ್ಯೂಟರ್‌ನ್ಯಾಗ ಸರಿ ಮಾಡ್ತೇವೋ. ಮಂದೀಗೆ ಕೈ ಹಚ್ಚತಾರೇನು?"

ಅವತ್ತು ಸಂಜೀಕ ಪಾರವ್ವ ತಾನ ಹಸರ ಬಳಿ ಒಯ್ದು ಗಿರಿಜವ್ವಗ ಇಡಿಸಿ, ಉಡಿ ತುಂಬಿ, ಕಾಲು ಮುಗದು ಬಂದ್ಲು. ಬಂದಾಕಿ ಮಗಗ ಅಂದ್ಲು, "ಆಕಿ ದಿನಾ ಕೆಂಪು ಬಳಿ ಇಟ್ಕೊಳ್ಳಾಕಿ. ಇವತ್ತ ಯಾಕ ಹಸರು? ನಿನ್ನ ಸಿಗಿಸಾಕ. ಇನ್ನ ಯಾವುದಕ್ಕೂ ಕೈ ಹಚ್ಚಬ್ಯಾಡ. ಏನ ಆಗ್ಲಿ, ಸುಮ್ಮ ನಿಂದ್ರು. ಕಂಪ್ಯೂಟರ್‌ನ್ಯಾಗ ಸರಿ ಮಾಡ್ತಾರಂತ, ಮಾಡ್ಲಿ."

ಇನ್ನ ಉಳಿದದ್ದು ರಾಕೆಟ್ಟು. ಕಂಪ್ಯೂಟರ್‌ನ್ಯಾಗ ಇಡೀ ರಾಕೆಟ್ ಮಾಡಾಕ ಕಸ್ತೂರಿ ಕಂಪ್ಯೂಟರ್‌ಗೆ ಅಷ್ಟು ಶಕ್ತಿ ಇರಲಿಲ್ಲ. ಅದಕ್ಕ ರಟ್ಟು, ಕುಕ್ಕರ್ ಮುಚ್ಚಳಾ, ಹಳೇ ಟಾರ್ಚು ಕೂಡಿಸಿ ಆಳೆತ್ತರದ್ದೊಂದು ಮಾಡಿದ್ಲು. ತಿಂಗಳ ದುಡಿತ. ಹತ್ರದಿಂದ ಕ್ಯಾಮೆರಾ ಹಿಡದ್ರ ಮುಗಲಿಗೆ ಮುಟ್ಟಿದಂಗ ಕಾಣತಿತ್ತು. ಬುಡಕ್ಕ ಎಣ್ಣಿ ಅರಬಿ ಇಟ್ಟು ಸಣ್ಣಗೆ ಉರಿ ಹಚ್ಚೂದು, ಹೊಗಿ ಬರೂದು, ಆರಸೂದು. ಆರಸಾಕ ಎರಡು ಕೊಡಾ ನೀರಿಟ್ಟು ಫಕೀರಪ್ಪನ್ನ ನಿಲ್ಲಿಸಿದ್ರು.

ಉರಿ ಹಚ್ಚಿದ್ರು. ಹೊಗಿ ಬಂತು. ಹೊಗಿ ಹಿಂದ ಉರಿ ರಟ್ಟಿಗೆ ಹತ್ತಿತು.

"ಫಕೀರ್‍ಯಾ, ನೀರು!" ಅಂತ ಕಳಕಪ್ಪ ಒದರಿದ.

ಫಕೀರಪ್ಪ ಕೈ ಕಟ್ಟಿ ನಿಂತಿದ್ದ. "ಇರ್ಲಿ ಬಿಡು ಮಾಮಾ. ಕಂಪ್ಯೂಟರ್‌ನ್ಯಾಗ ಆರಸೂಣು."

ಅವರು ಓಡಿ ಬರೂದ್ರಾಗ ರಾಕೆಟ್ ಬೂದಿ. ಕಸ್ತೂರಿ ಕಣ್ಣಾಗ ನೀರು ಬಂದದ್ದನ್ನ ಹೊಗಿ ಅಂತ ಹೇಳಿ ಒಳಗ ಹೋದ್ಲು. ಕಳಕಪ್ಪ, "ಸಿನಿಮಾನೂ ಮುಗೀತು, ಮಾತೂ ಮುಗೀತು. ನಡಿ ಮನಿಗೆ" ಅಂದ.

ಆ ದಿನಾ ಪಾರವ್ವ ಒಲಿ ಹಚ್ಚಲಿಲ್ಲ. ಆದ್ರ ಮೂರನೇ ದಿನಾ ಕಸ್ತೂರಿನ ಬಂದ್ಲು. "ಅತ್ತಿ, ಕ್ಯಾಮೆರಾ ನಡದ ಇತ್ತು. ರಾಕೆಟ್ ಉರದು ಬಿದ್ದದ್ದು ಅಗದಿ ಖರೇದರಂಗ ಬಂದೈತಿ. ಕತ್ಯಾಗ ರಾಕೆಟ್ ಸುಟ್ಟು ಬೀಳ್ತೈತಿ ಅಂತ ಮಾಡಿ ಮುಗಿಸೇವಿ. ರವಿವಾರ ಮುಂಜಾನೆ ಸಮುದಾಯ ಭವನದಾಗ ತೋರಸ್ತೇವಿ. ಹುಬ್ಬಳ್ಳಿಂದ ಸಿನಿಮಾ ಕೊಳ್ಳೂ ಸಾಹುಕಾರ ಬರಾಂವ. ಅಂವ ಹೂಂ ಅಂದ್ರ ಅಪ್ಪನೂ ಹೂಂ ಅಂತಾನ."

ಆಕಿ ಹೋದ ಮ್ಯಾಲೆ ಪಾರವ್ವ ಮಗನ್ನ ಮುಂದ ಕೂಡ್ರಿಸ್ಕೊಂಡ್ಲು. "ಸುಮ್ಮ ನಿಂತದ್ದಕ್ಕ ಸುಟ್ಟುಹೋಗಿತ್ತು ನಿನ್ನ ಬಾಳೇವು. ಇನ್ನ ಏನ ಕಂಡ್ರೂ ಬಾಯಿ ಮುಚ್ಕೊಂಡು ನಿಂದ್ರಬ್ಯಾಡ. ಕಂಡದ್ದನ್ನ ಕಂಡ ಕೂಡ್ಲೆ ಎಲ್ಲಾರಿಗೂ ಕೇಳೂ ಹಂಗ ಹೇಳು."

ರವಿವಾರ ಭವನ ತುಂಬಿತ್ತು. ಪರದಿ ಮ್ಯಾಲೆ ಕರೇ ಆಕಾಶ, ಅದರಾಗ ದುಂಡಗ ಒಂದು ಗ್ರಹ, ಮೈ ತುಂಬಾ ತಗ್ಗು. ಮಂದಿ ಉಸರು ಹಿಡದು ನೋಡ್ತಿದ್ರು. ಫಕೀರಪ್ಪ ಎದ್ದು ನಿಂತ.

"ಅದು ಗ್ರಹ ಅಲ್ರೀ. ನಮ್ಮವ್ವನ ರೊಟ್ಟಿ ಹಂಚು."

ಪಾರವ್ವ ಕುಂತಲ್ಲೇ ಬೆವತ್ಲು. ಆ ಹಂಚು ಕಾಣವಲ್ದು ಅಂತ ಆಕಿ ಬಾಜೂ ಮನಿ ನಿಂಗವ್ವನ ಮ್ಯಾಲೆ ಸಂಶೇ ಪಟ್ಟು ಮಾತು ಬಿಟ್ಟು ಎಂಟು ದಿನಾ ಆಗಿತ್ತು. ನಿಂಗವ್ವ ಹಿಂದಿನ ಸಾಲಿನಾಗ ಕುಂತು ಕೆಮ್ಮಿದ್ಲು.

"ಅದು ಉಲ್ಕೆ ಅಲ್ರೀ, ಹುರದ ಶೇಂಗಾ. ಅಲ್ಲಿ ಮಾಸ್ತರ್ ತೇಲೂದಿಲ್ರೀ, ನಾ ಹೆಗಲ ಮ್ಯಾಲೆ ಹೊತ್ತೀನಿ, ನನ್ನ ಅಳಸ್ಯಾರ."

ಕಳಕಪ್ಪ ಎರಡೂ ಕೈಲೆ ಮಾರಿ ಮುಚ್ಕೊಂಡ. ಆದ್ರ ಮಂದಿ ನಗಾಕ ಹತ್ತಿದ್ರು ನೋಡ್ರಿ, ಹೊಟ್ಟಿ ಹಿಡ್ಕೊಂಡು ನಕ್ರು. ಸಾಹುಕಾರನೂ ಕಣ್ಣು ಒರಸ್ಕೊಂತ ಎದ್ದ. "ಕಳಕಪ್ಪ, ಹಂಚಿನ್ಯಾಗ ಗ್ರಹ ಮಾಡಿದವರನ್ನ ನಾ ನೋಡಿರಲಿಲ್ಲ. ತಗೋತೀನಿ. ಆದ್ರ ಈ ಹಿಕ್ಮತ್ತು ಇನ್ನ ಮುಂದ ಯಾರಿಗೂ ಹೇಳಬಾರದು."

ಕಳಕಪ್ಪ ಅಕ್ಕನ ಹತ್ರ ಬಂದು, "ಮಾತು ಮಾತೇ. ಶುಕ್ರವಾರ ನಿಶ್ಚೇ ಮಾಡೂಣು" ಅಂದ. ಪಾರವ್ವಗ ಅಳು ಬಂತು. ಅಳ್ಕೊಂತನ ಸಂಶೇ ಪಟ್ಲು. ಇಷ್ಟು ಸಲೀಸು ಹೆಂಗ ಒಪ್ಪಿದ? ಶುಕ್ರವಾರ ಬರೂದ್ರಾಗ ಯಾರರ ಇವನ ಬಾಯಿ ಬಿಡಿಸಿ, ಹಿಕ್ಮತ್ತು ಹೊರಗ ಹಾಕಿಸಿ, ಲಗ್ನಾ ಮುರಸ್ತಾರ.

ಮನಿಗೆ ಬಂದಾಕಿ ಕದಾ ಹಾಕಿ ಹೇಳಿದ್ಲು. "ಫಕೀರ್‍ಯಾ, ಇನ್ನ ನಿನ್ನ ಬಾಯಾಗ ಎರಡ ಮಾತು. ನೋಡಿಲ್ಲ. ಗೊತ್ತಿಲ್ಲ. ಏನ ಕೇಳಿದ್ರೂ ಇಷ್ಟ. ಮಾಮಾ ಕೇಳ್ಲಿ, ಕಸ್ತೂರಿ ಕೇಳ್ಲಿ. ಬೇಕಾರ ನಾನ ಬಂದು ಅತ್ತು ಕರದು ಕೇಳ್ಲಿ, ನನ್ನೂ ನಂಬಬ್ಯಾಡ. ಪರೀಕ್ಷಾ ಮಾಡಾಕ ಬಂದಾಳ ಅಂತ ತಿಳ್ಕೊ."

"ಹೂನವ್ವ" ಅಂದ ಫಕೀರಪ್ಪ.

ಶುಕ್ರವಾರ ಕಳಕಪ್ಪನ ಮನ್ಯಾಗ ಜಮಖಾನಿ ಹಾಸಿದ್ರು. ರೋಣದಿಂದ ಗಿರಿಜವ್ವನ ಕಾಕಾ ಅಂದಾನಗೌಡ್ರು ಬಂದಿದ್ರು. ಅವರು ಹೂಂ ಅನ್ನದ ಆ ಮನ್ಯಾಗ ಲಗ್ನಾ ಆಗೂದಿಲ್ಲ. ಎಲಿ ಅಡಕಿ ತಾಟು ಮುಂದಿಟ್ಕೊಂಡು ಕೂತ್ರು. ಕಸ್ತೂರಿ ಹೊಸಾ ಸೀರಿ ಉಟ್ಟು ಬಂದು ಕುಂತ್ಲು.

"ಏನಪಾ ತಮ್ಮಾ, ಹುಡುಗೀನ ನೋಡಿಯಲಾ?"

"ನೋಡಿಲ್ಲ" ಅಂದ ಫಕೀರಪ್ಪ.

ಎಲ್ಲಾರೂ ನಕ್ರು, ನಾಚಿಕಿ ಅಂದ್ರು. ಗೌಡ್ರು ಮತ್ತ ಕೇಳಿದ್ರು. "ಆತು, ಎದುರಿಗೆ ಕುಂತಾಳ, ಈಗ ನೋಡು. ಮನಸಿಗೆ ಬಂದಾಳೇನು?"

"ಗೊತ್ತಿಲ್ಲ."

ನಗಿ ನಿಂತಿತು. ಕಸ್ತೂರಿ ತಲಿ ಎತ್ತಿ, "ಫಕೀರಪ್ಪ, ನನ್ನ ಲಗ್ನಾ ಆಗಾಕ ನಿನಗ ಮನಸೈತೋ ಇಲ್ಲೋ?" ಅಂದ್ಲು. ಅವನ ಮಾರಿ ಅರಳಿತು, ತುಟಿ ಅಲ್ಲಾಡಿತು. ಅವ್ವನ ಕಡೆ ನೋಡಿದ. ಪಾರವ್ವ ಹೂಂ ಅನ್ನು ಅಂತ ಗೋಣು ಹಾಕೇ ಹಾಕಿದ್ಲು. ಹಂಗ ಗೋಣು ಹಾಕಿದ್ದು ನೋಡಿ ಅವಗ ಗಟ್ಟಿ ಆತು, ಇದು ಪರೀಕ್ಷಾ.

"ಗೊತ್ತಿಲ್ಲ" ಅಂದ.

ಪಾರವ್ವ ತಡಕೊಳ್ಳಲಿಲ್ಲ. ನಡುಮನಿಗೆ ಬಂದು ಮಗನ ಗದ್ದಾ ಹಿಡದ್ಲು. "ಲೇ ನನ್ನಪ್ಪಾ, ನಾ ಹೇಳಿದ್ದು ಸಿನಿಮಾದ ಮಾತಿಗೆ. ಅದನ್ನೂ ವಾಪಸ್ ತಗೊಂಡೆ. ಖರೆ ಹೇಳೋ. ನಾ ನಿಮ್ಮವ್ವ, ನಾನ ಹೇಳ್ತೀನಿ, ಬಾಯಿ ಬಿಟ್ಟು ಖರೆ ಹೇಳೋ" ಅಂತ ಗಳಗಳ ಅತ್ಲು.

ಅತ್ತು ಕರದು ಬರ್ತೀನಿ ಅಂದಾಕಿ ಅತ್ತು ಕರದು ಬಂದಿದ್ಲು.

ಗೌಡ್ರಿಗೂ ಈಗ ಸಂಶೇ ಹತ್ತಿತು. "ಮಗಗ ಖರೆ ಹೇಳಬ್ಯಾಡ ಅಂತ ಕಲಿಸಿದಾಕಿ ನೀ ಯಾರವ್ವಾ? ಏನಪಾ ತಮ್ಮಾ, ಈಕಿ ನಿಮ್ಮವ್ವನ ಹೌದೋ ಅಲ್ಲೋ?"

ಫಕೀರಪ್ಪ ಆಕಿನ್ನ ಮ್ಯಾಲಿಂದ ಕೆಳಗಿನ ತನಾ ನೋಡಿದ. ಆಮ್ಯಾಲೆ ಗೌಡ್ರ ಕಡೆ ತಿರುಗಿ, ತಪ್ಪಬಾರದು ಅಂತ ಸಾವಕಾಶ ಅಂದ, "ಈ ಮುದುಕೀನ ನಾ ನೋಡೇ ಇಲ್ರೀ."

ಗೌಡ್ರು ಎಲಿ ಅಡಕಿ ತಾಟು ಎತ್ತಿ ಒಳಗ ಕೊಟ್ಟು, ರೋಣದ ಬಸ್ಸು ಎಷ್ಟು ಗಂಟೆಕ್ಕ ಅಂತ ಕೇಳಿದ್ರು. ಪಾರವ್ವ ನಡುಮನ್ಯಾಗ ನಿಂತಾಕಿ ನಿಂತಂಗ ಇದ್ಲು. ಫಕೀರಪ್ಪ ಆಕಿ ಕಡೆ ನೋಡಿ, ಈ ಸಲ ಒಂದೂ ತಪ್ಪಲಿಲ್ಲವ್ವ ಅನ್ನೂ ಹಂಗ ನಕ್ಕ.